ಆಯ್ತು ಬಿಡಿ

ಬೆಳಿಗ್ಗೆ ಎಚ್ಚರವಾದ ಕೂಡಲೇ ಅವನು ಹೊದಿಕೆಯೊಳಗಿನಿಂದ ಬಲಗೈಯನ್ನು ಹೊರಗೆ ತೆಗೆದು, ಪಕ್ಕದ ಮನೆಯವರ ತುಂಟ ಮಗುವನ್ನು ನೋಡುವ ಹಾಗೆ ನೋಡಿದ. ಯಾವಾಗ ಏನು ಮಾಡೀತೋ ಹೇಳಲಾಗದು, ಹೊಡೆಯುವ ಹಾಗೂ ಇಲ್ಲ. ಐದೂ ಬೆರಳನ್ನು ಮಡಿಸಿ ಬಿಚ್ಚಿದ. ಸರಿಯಾಗಿಯೇ ಇತ್ತು. ಗಡ್ಡ ಹೆರೆದುಕೊಳ್ಳುವಾಗ ಗಂಟಲಿನ ಉಬ್ಬಿನ ಮೇಲೂ ಬ್ಲೇಡು ನಯವಾಗಿ ಸರಿದು ಹೋಯಿತು. ಹಾಲನ್ನು ಲೋಟದ ಕಂಠದವರೆಗೆ ಬಗ್ಗಿಸಿದ, ಒಂದು ಹನಿ ಚೆಲ್ಲಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ, ದಿನವೂ ಊರವರ ಕಣ್ಣು ಪರೀಕ್ಷೆ ಮಾಡುವವಳು, ತನ್ನ ಕನ್ನಡಕ ಎಲ್ಲಿಟ್ಟೆನೆಂದು ಮರೆತು, "ರೀ, ಇದಕ್ಕೊಂದು ದಾರ ಪೋಣಿಸಿಕೊಡಿ, ನಿಮ್ಮ ಅಂಗಿ ಗುಂಡಿ ಕಿತ್ತು ಬಂದಿದೆ" ಎಂದು ಸೂಜಿ ಚಾಚಿದಳು. ಅವನು ಕಿಟಕಿಯ ಬೆಳಕಿಗೆ ಹಿಡಿದು ಪೋಣಿಸಿದ. ಮೊದಲ ಸಲಕ್ಕೇ ದಾರ ತೂರಿತು. "ಅಬ್ಬ, ನಿಮ್ಮ ಕೈಯೇ ಕೈ" ಎಂದಳು. ಅಂದವಳೇ ತುಟಿ ಕಚ್ಚಿಕೊಂಡು ಗುಂಡಿ ಹೊಲಿಯಲು ಕೂತಳು. ಈ ಮನೆಯಲ್ಲಿ ಕೈಯ ಮಾತು ಆಡಬಾರದೆಂದು ಯಾರೂ ಯಾರಿಗೂ ಹೇಳಿರಲಿಲ್ಲ, ಆದರೂ ಯಾರೂ ಆಡುತ್ತಿರಲಿಲ್ಲ.

ಗಾಲ್ಫ್ ಆಡುವುದೇ ಅವನ ಹೊಟ್ಟೆಪಾಡು. ಹಾಗೆಂದರೆ ಜನ ಇವತ್ತಿಗೂ, "ಅದು ಸರಿ, ಕೆಲಸ ಏನು ಮಾಡ್ತೀರಿ?" ಎಂದು ಕೇಳುವುದುಂಟು. ಮೈದಾನದ ಒಂದು ತುದಿಯಲ್ಲಿ ನಿಂತು, ಇನ್ನೊಂದು ತುದಿಯಲ್ಲಿ ಬಾವುಟ ನೆಟ್ಟ ಕುಳಿಯ ಕಡೆಗೆ ಚೆಂಡು ಹೊಡೆಯುವುದು, ಹೊಡೆದಷ್ಟು ದೂರ ನಡೆಯುವುದು, ಮತ್ತೆ ಹೊಡೆಯುವುದು. ಹದಿನೆಂಟೂ ಕುಳಿಗಳನ್ನು ಕಡಿಮೆ ಪೆಟ್ಟಿನಲ್ಲಿ ಮುಗಿಸಿದವನು ಗೆದ್ದ. ದೂರದ ಹೊಡೆತದಲ್ಲಿ ಇವನನ್ನು ಮೀರಿಸುವವರು ಈಗಲೂ ಕಡಿಮೆ. ಕೋಲು ಬೀಸಿದರೆ ಚೆಂಡು ಮೇಲೆದ್ದು, ಆಕಾಶದಲ್ಲಿ ಒಂದು ಗಳಿಗೆ ಯೋಚನೆ ಮಾಡಿ, ಹೇಳಿದಲ್ಲಿ ಇಳಿಯುತ್ತಿತ್ತು. ಆದರೆ ಅದೇ ಚೆಂಡು ಕುಳಿಯ ಬಾಯಿಗೆ ಬಂದು, ಮಗು ಕೂಡ ಕಾಲಿನಿಂದ ತಳ್ಳಿ ಬೀಳಿಸಬಹುದಾದ ಒಂದೂವರೆ ಅಡಿ ಉಳಿಯಿತೋ, ಬಲ ಮಣಿಕಟ್ಟು ತನ್ನಷ್ಟಕ್ಕೆ ತಾನೇ ಒಮ್ಮೆ ಜಿಗಿಯುತ್ತಿತ್ತು, ಬಿಕ್ಕಳಿಕೆ ಬಂದ ಹಾಗೆ. ಚೆಂಡು ಕುಳಿಯ ಅಂಚು ಸವರಿಕೊಂಡು ಆಚೆಗೆ ಹೋಗುತ್ತಿತ್ತು. ನರದ ಡಾಕ್ಟರು ನರ ಚೆನ್ನಾಗಿದೆ ಎಂದರು. ಮನಸ್ಸಿನ ಡಾಕ್ಟರು ಮನಸ್ಸೂ ಚೆನ್ನಾಗಿದೆ ಎಂದರು. ಎಲ್ಲವೂ ಚೆನ್ನಾಗಿರುವ ಮನುಷ್ಯನಿಗೆ ಔಷಧ ಎಲ್ಲಿಂದ ತರುವುದು? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆಯಲ್ಲಿ ಪ್ರಾಣಿಗಳಾದರೂ ಎರಡಿವೆ. ಇಲ್ಲಿ ಎತ್ತೂ ತಾನೇ, ಕೋಣವೂ ತಾನೇ. ಇವತ್ತು ಅರ್ಹತಾ ಪಂದ್ಯದ ಕೊನೆಯ ದಿನ. ಮೊದಲ ಮೂರು ದಿನ ಹೇಗೋ ದಡ ಮುಟ್ಟಿಸಿದ್ದ. ಇವತ್ತೂ ಮುಟ್ಟಿಸಿದರೆ ಮುಂದಿನ ವರ್ಷದ ಪಂದ್ಯಗಳಲ್ಲಿ ಆಡುವ ಹಕ್ಕು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕ್ಲಬ್ಬಿನ ಕಾರ್ಯದರ್ಶಿ ಆಗಲೇ ಬಹಳ ಪ್ರೀತಿಯಿಂದ ಹೇಳಿಟ್ಟಿದ್ದರು: "ಭಾನುವಾರದ ಮಕ್ಕಳ ಕ್ಲಾಸು ನಿಮಗೇ ಅಂತ ಖಾಲಿ ಇಟ್ಟಿದೀನಿ. ಅವಸರ ಇಲ್ಲ." ಅವಸರ ಇಲ್ಲ ಎಂಬ ಮಾತು ಅವನಿಗೆ ರಾತ್ರಿಯೆಲ್ಲ ಕಿವಿಯಲ್ಲಿ ಕೂತಿತ್ತು.

ಕೆಳಗಿನಿಂದ ಕಾರಿನ ಹಾರ್ನು ಕೇಳಿಸಿತು. ಒಂದು ಸಲ ಒತ್ತಿದರೆ ಸಾಕಾಗುವ ಕಡೆ ಮೂರು ಸಲ ಒತ್ತುವವನು ಹೆಂಡತಿಯ ತಮ್ಮ. ಎರಡು ವರ್ಷದ ಹಿಂದೆ, ಭಾವನ ಚೀಲ ಹೊರುತ್ತಿದ್ದ ಹಳೆಯ ಕ್ಯಾಡಿ ಬೇರೆ ಆಟಗಾರನ ಕಡೆ ಹೋದ ವಾರ, ಬೂಟಿನ ಅಂಗಡಿಯ ಕೆಲಸವನ್ನು ಬಿಟ್ಟು ಬಂದು, "ನಾನು ಹೊರ್ತೀನಿ ಭಾವ, ಊರವರ ಕಾಲು ಹಿಡಿಯೋದಕ್ಕಿಂತ ನಿಮ್ಮ ಕೋಲು ಹಿಡಿಯೋದು ಮೇಲು" ಎಂದು ನಕ್ಕವನು. ಆಟದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಇವತ್ತಿಗೂ ಇಳಿಜಾರು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಕೇಳಿದರೆ, "ನಿಮಗೆ ಹೇಗೆ ಅನ್ಸತ್ತೋ ಹಾಗೆ" ಎನ್ನುವ ಪೈಕಿ. ಆದರೆ ಅವನಷ್ಟು ನಂಬಿದವರು ಇನ್ನೊಬ್ಬರಿಲ್ಲ. ಮೆಟ್ಟಿಲಿಳಿದು ಬಂದ ಭಾವನ ಮುಖ ನೋಡದೆಯೇ ಚೀಲವನ್ನು ಡಿಕ್ಕಿಗೆ ಹಾಕಿ, "ಇವತ್ತು ಆಗ್ಬಿಡತ್ತೆ ಭಾವ. ನನ್ನ ಎಡಗಣ್ಣು, ಅಲ್ಲ ಬಲಗಣ್ಣು, ಯಾವುದು ಒಳ್ಳೇದೋ ಅದು, ಬೆಳಿಗ್ಗೆಯಿಂದ ಅದುರ್ತಾ ಇದೆ" ಎಂದ. ಮಹಡಿಯಿಂದ ಅಕ್ಕ ಬಗ್ಗಿ, "ಕಣ್ಣು ಅದುರಿದ್ರೆ ಅಂಗಡಿಗೆ ಬಾ, ನೋಡ್ತೀನಿ. ಅಲ್ಲಿ ಬಾಯಿ ಮುಚ್ಕೊಂಡಿರು" ಎಂದು ಕೂಗಿದಳು. ಬಾಯಿ ಮುಚ್ಚಿಕೊಳ್ಳುವುದೊಂದು ಬಿಟ್ಟು ತಮ್ಮ ಎಲ್ಲಕ್ಕೂ ತಲೆಯಾಡಿಸಿದ.

ಕಾರಿನಲ್ಲಿ ಅವನು ಮಾತಾಡುತ್ತಲೇ ಇದ್ದ. ಇವನು ಕಿಟಕಿಯ ಹೊರಗೆ ಸರಿಯುವ ಬಾಗಿಲು ಮುಚ್ಚಿದ ಅಂಗಡಿಗಳನ್ನು, ಬಸ್ಸಿಗೆ ಕಾದವರನ್ನು ನೋಡುತ್ತಿದ್ದ. ಬಸ್ಸಿಗೆ ಕಾಯುವವರ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಅವರ ಕೆಲಸ ಎಷ್ಟೇ ಕೆಟ್ಟರೂ ಹತ್ತಾರು ಜನ ಕೈಕಟ್ಟಿ ನಿಂತು ಉಸಿರು ಬಿಗಿಹಿಡಿದು ನೋಡುವುದಿಲ್ಲ. ಮೊದಲ ಸಲ ತಪ್ಪಿದ ದಿನ ಎಷ್ಟೊಂದು ಜನ ಇದ್ದರು. ಟೀವಿಯವರೂ ಇದ್ದರು. ಒಂದು ಅಡಿಯೂ ಇರಲಿಲ್ಲ; ಆಗಲೇ ಅವನ ಮನಸ್ಸು ಗೆದ್ದು ಮುಗಿಸಿ ಹೆಂಡತಿಗೆ ಫೋನು ಮಾಡುತ್ತಿತ್ತು. ಆಗ ಮಣಿಕಟ್ಟು ಒಮ್ಮೆ ಬಿಕ್ಕಿತು. ಜನರ ನಡುವಿನಿಂದ ಒಂದು 'ಅಯ್ಯೋ' ಬಂತು, ಬೈಗುಳವಾಗಿದ್ದರೆ ಒಳ್ಳೆಯದಿತ್ತು, ಬರೀ ಕನಿಕರ. ಮಾರನೆಯ ದಿನ ಮಾವನವರು ಫೋನಿನಲ್ಲಿ, "ಏನಪ್ಪ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ" ಎಂದರು. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಅವರ ಮನೆಯ ಊಟದ ಮೇಜಿನಲ್ಲಿ ಕೂತಾಗಲೆಲ್ಲ ಅವನಿಗೆ ತುತ್ತು ಎತ್ತುವಾಗ ಎಲ್ಲರೂ ನೋಡುತ್ತಿದ್ದಾರೆ ಅನ್ನಿಸತೊಡಗಿತು. ಅದಕ್ಕೂ ಹಿಂದೆ, ಬಹಳ ಹಿಂದೆ, ಅಪ್ಪ ಸೈಕಲ್ಲು ಕಲಿಸುತ್ತ ಸೀಟು ಹಿಡಿದು ಓಡಿ ಬರುತ್ತಿದ್ದರು. ಬಿಡಬೇಡಿ ಅಪ್ಪಾ, ಬಿಡಬೇಡಿ ಎಂದು ಇವನು ಕೂಗುತ್ತಿದ್ದ. ಬಿಟ್ಟಿಲ್ಲ ಬಿಟ್ಟಿಲ್ಲ ಎಂಬ ದನಿ ದೂರದಿಂದ ಬಂತೆಂದು ತಿರುಗಿ ನೋಡಿದರೆ ಅಪ್ಪ ಬೀದಿಯ ಆ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಗುತ್ತ ನಿಂತಿದ್ದರು. ತಿರುಗಿ ನೋಡುವವರೆಗೂ ಅವನು ಚೆನ್ನಾಗಿಯೇ ಓಡಿಸಿದ್ದ. "ಏನ್ ಭಾವ, ಕೇಳಿಸ್ಕೊಂಡ್ರಾ?" ಎಂದ ಭಾವಮೈದುನ. ಕೇಳಿಸಿಕೊಂಡೆ ಎಂದು ಇವನು ಸುಳ್ಳು ಹೇಳಿದ.

ಇಬ್ಬರ ನಡುವೆ ಒಂದು ಮಾತು ಶುರುವಾದದ್ದು ಹೋದ ವರ್ಷದ ಸಂಜೆಗಳಲ್ಲಿ. ಸ್ನೇಹಕ್ಕೆಂದು ಇಬ್ಬರು ಆಡುವಾಗ ಒಂದು ರೂಢಿಯಿದೆ. ಎದುರಾಳಿಯ ಚೆಂಡು ಕುಳಿಗೆ ತೀರ ಹತ್ತಿರ ಬಂದು ನಿಂತರೆ, ಇನ್ನು ಅದನ್ನು ತಳ್ಳಿಸಿ ನೋಡುವುದೇನು ಚಂದ ಎಂದು ಇನ್ನೊಬ್ಬ ಬಿಟ್ಟುಕೊಡುತ್ತಾನೆ. ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಾರೆ, ಕೆಲವರು ಬರೀ ಕೈ ಬೀಸುತ್ತಾರೆ. ಇವರಿಬ್ಬರ ನಡುವೆ ಬಂದ ಮಾತು 'ಆಯ್ತು ಬಿಡಿ'. ಮನೆಯ ಹತ್ತಿರದ ಮೈದಾನದಲ್ಲಿ ಬೆಳಕು ಇಳಿಯುವ ಹೊತ್ತಿಗೆ ಇಬ್ಬರೇ ಆಡುತ್ತಿದ್ದಾಗ, ಭಾವ ಚಿಕ್ಕ ಕೋಲು ಹಿಡಿದು ಆ ಒಂದೂವರೆ ಅಡಿಯ ಮೇಲೆ ಬಗ್ಗಿ ನಿಂತು, ನಿಂತು, ನಿಂತೇ ಇರುವುದನ್ನು ನೋಡಲಾರದೆ ಒಂದು ದಿನ ಭಾವಮೈದುನ, "ಆಯ್ತು ಬಿಡಿ ಭಾವ, ಅದು ಬಿದ್ದ ಹಾಗೇನೇ" ಎಂದುಬಿಟ್ಟ. ಎಂಥ ಹಾಯೆನಿಸಿತು! ಬಗ್ಗಿ ಚೆಂಡನ್ನು ಕೈಯಿಂದ ಎತ್ತಿಕೊಂಡಾಗ ಅವನ ಬೆನ್ನಿನ ಮೇಲಿಂದ ಯಾರೋ ಇಳಿದು ಹೋದ ಹಾಗಾಯಿತು. ಅಂದು ಒಂದೂವರೆ ಅಡಿಗೆ ಸಿಕ್ಕಿದ ಮಾತು ತಿಂಗಳೊಳಗೆ ಮೂರಡಿಗೂ ಸಿಗತೊಡಗಿತು. ಕನಿಕರವೂ ಒಂದು ರೂಢಿ, ಚಹಾದ ಹಾಗೆ; ಹೊತ್ತಿಗೆ ಸರಿಯಾಗಿ ಬರದಿದ್ದರೆ ತಲೆನೋಯುತ್ತದೆ. ಆಮೇಲೆ ಅವನು ಗಮನಿಸಿದ, ಈ ಮಾತು ಎಲ್ಲ ಕಡೆಯೂ ಇತ್ತು. ಪಂದ್ಯ ಸೋತು ಮನೆಗೆ ಬಂದರೆ ಹೆಂಡತಿ ತಟ್ಟೆಯಿಡುತ್ತ, "ಆಯ್ತು ಬಿಡಿ, ಊಟ ಮಾಡಿ." ಅಂಗಿ, ಬೂಟು ಕೊಡುತ್ತಿದ್ದ ಕಂಪನಿಯ ಹುಡುಗಿ ಇನ್ನು ಮುಂದೆ ಕೊಡುವುದಿಲ್ಲ ಎಂದು ಹೇಳಲು ಬಂದು ತಾನೇ ಕಣ್ಣು ಒದ್ದೆ ಮಾಡಿಕೊಂಡಾಗ, ಅವಳನ್ನು ಸಮಾಧಾನ ಮಾಡಲು ಇವನೇ, "ಆಯ್ತು ಬಿಡಮ್ಮ." ಮುಗಿಯದ್ದನ್ನು ಮುಗಿಯಿತು ಎಂದು ಹೇಳುವುದಕ್ಕೆ ಇಷ್ಟು ಮೆತ್ತಗಿನ ಮಾತು ಇನ್ನೊಂದಿಲ್ಲ. ಆದರೆ ಪೆಟ್ಟು ಎಣಿಸುವ ಪಂದ್ಯದಲ್ಲಿ ಬಿಟ್ಟುಕೊಡುವವರು ಯಾರೂ ಇರುವುದಿಲ್ಲ. ಅಲ್ಲಿ ಚೆಂಡು ಕುಳಿಗೆ ಬೀಳಲೇಬೇಕು. ಬಿದ್ದು, ತಳದಲ್ಲಿ ಟೊಕ್ ಎಂದು ಸದ್ದಾಗಬೇಕು. ಇದನ್ನು ಮಕ್ಕಳ ಕ್ಲಾಸಿನ ಮೊದಲ ದಿನವೇ ಹೇಳಿಕೊಡುತ್ತಾರೆ.

ಇವತ್ತಿನ ಆಟ ಎಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಭಯವಾಗತೊಡಗಿತು. ಜೊತೆಗೆ ಆಡುತ್ತಿದ್ದವನು ಎತ್ತರದ ಆಳು, ಮಾತು ಕಡಿಮೆ, ಪ್ರತಿ ಹೊಡೆತಕ್ಕೂ ಮೊದಲು ಟೋಪಿಯನ್ನು ತೆಗೆದು ಮತ್ತೆ ಹಾಕಿಕೊಳ್ಳುವವನು. ನಿಯಮದಂತೆ ಇವನ ಅಂಕ ಅವನು ಬರೆಯಬೇಕು, ಅವನ ಅಂಕ ಇವನು. ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷೆಯ ಕೋಣೆಯಲ್ಲಿ ಪಕ್ಕದ ಬೆಂಚಿನವರ ಹಾಗೆ ಓರೆಗಣ್ಣಲ್ಲಿ ನೋಡುತ್ತ ನಡೆಯುತ್ತಿದ್ದರು. ದೂರದಿಂದ ಹೊಡೆದ ಚೆಂಡು ಕುಳಿಯಿಂದ ಹತ್ತಿಪ್ಪತ್ತು ಅಡಿಗೆ ಬಂದು ನಿಂತರೆ ಇವನಿಗೆ ಸಂತೋಷ. ಅಷ್ಟು ದೂರಕ್ಕೆ ಕೈ ತಂಟೆ ಮಾಡುತ್ತಿರಲಿಲ್ಲ. ಅಲ್ಲಿಂದ ತಳ್ಳಿದ್ದು ಒಳಗೇ ಬೀಳುತ್ತಿತ್ತು, ಇಲ್ಲವೇ ಬೆರಳಗಲದಲ್ಲಿ ನಿಲ್ಲುತ್ತಿತ್ತು. ಬೆರಳಗಲದ್ದನ್ನು ನಡೆಯುತ್ತ ನಡೆಯುತ್ತಲೇ ಒಂದೇ ಕೈಯಲ್ಲಿ, ಕೈಗೆ ತಿಳಿಯುವುದಕ್ಕೆ ಮೊದಲೇ, ಕದ್ದು ಹಾಕುವ ಹಾಗೆ ಹಾಕಿಬಿಡುತ್ತಿದ್ದ. ಗುರಿಗೆ ಹತ್ತಿರ ಬರಬಾರದು, ದೂರವೂ ಹೋಗಬಾರದು. ಇದೊಂದು ಬಾಳುವೆಯೇ ಎಂದು ಹತ್ತನೆಯ ಕುಳಿಯ ಹತ್ತಿರ ಅವನಿಗೆ ನಗು ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಡಿಕೊಳ್ಳುವವರು ಒಂದು ದಿನ ಇಲ್ಲಿ ಬಂದು ನೋಡಬೇಕು. ಇಲ್ಲಿ ನೆಲ ನಿಜವಾಗಿಯೂ ಡೊಂಕು, ಬೇಕೆಂದೇ ಡೊಂಕು ಮಾಡಿರುತ್ತಾರೆ. ಆದರೂ ಅವನಿಗೆ ಗೊತ್ತಿತ್ತು, ತನ್ನ ತಾಪತ್ರಯಕ್ಕೂ ನೆಲಕ್ಕೂ ಸಂಬಂಧವಿಲ್ಲ. ಹದಿನಾರನೆಯ ಕುಳಿ ದಾಟಿದಾಗ ದಾರಿಯ ಬದಿಯ ಅಂಕದ ಹಲಗೆಯನ್ನು ಓದಿದ ಭಾವಮೈದುನ ಹತ್ತಿರ ಬಂದು ಪಿಸುಗುಟ್ಟಿದ: "ಎರಡು ಪೆಟ್ಟು ಮಿಗತ್ತೆ ಭಾವ. ಎರಡು ತಪ್ಪು ಮಾಡಿದ್ರೂ ಒಳಗಿದೀರಿ." ತಪ್ಪು ಎಂಬ ಮಾತನ್ನು ಅವನು ಆಡಬಾರದಿತ್ತು ಎಂದುಕೊಂಡ ಇವನು, ಅಷ್ಟಕ್ಕೆ ಅವನ ಮೇಲೆ ಸಿಟ್ಟು ಬಂದದ್ದಕ್ಕೆ ನಾಚಿಕೊಂಡ.

ಹದಿನೇಳನೆಯದರಲ್ಲಿ ಅದು ಬಂದೇ ಬಂತು. ದೂರದಿಂದ ತಳ್ಳಿದ ಚೆಂಡು ಕುಳಿಯ ಕಡೆಗೆ ಹೋಗಿ, ಅಲ್ಲಿ ಮನಸ್ಸು ಬದಲಿಸಿ, ಸರಿಯಾಗಿ ಒಂದೂವರೆ ಅಡಿಯಲ್ಲಿ ಕೂತಿತು. ಅವನು ಗುರುತಿಗೆ ನಾಣ್ಯವಿಟ್ಟು ಚೆಂಡನ್ನು ಎತ್ತಿದ, ಒರೆಸಿದ, ಮತ್ತೆ ಇಟ್ಟ, ನಾಣ್ಯ ತೆಗೆದ. ಎತ್ತರದವನು ತನ್ನದನ್ನು ಒಂದು ಸಲ ತಪ್ಪಿ, ಎರಡನೆಯ ಸಲಕ್ಕೆ ಬೀಳಿಸಿದ. ಇನ್ನು ಉಳಿದದ್ದು ಇವನೊಬ್ಬನೇ. ಬಗ್ಗಿ ನಿಂತ. ಹುಲ್ಲಿನ ಒಂದೊಂದು ಎಸಳೂ ಕಾಣುತ್ತಿತ್ತು. ಒಂದು ಇರುವೆ ಚೆಂಡಿಗೂ ಕುಳಿಗೂ ನಡುವಿನ ದೂರವನ್ನು ನಡೆದು, ಕುಳಿಯ ಅಂಚಿನಲ್ಲಿ ಇಣುಕಿ, ಒಳಗೆ ಹೋಯಿತು. ಇರುವೆಗೆ ಆಗುತ್ತದೆ. ಮಣಿಕಟ್ಟಿನೊಳಗೆ ಆ ಬಿಕ್ಕಳಿಕೆ ಎದ್ದು ಕೂತು, ಹೊರಡಲು ಚಪ್ಪಲಿ ಹುಡುಕುತ್ತಿರುವುದು ಅವನಿಗೆ ತಿಳಿಯಿತು. ಈಗ ತಳ್ಳಿದರೆ ಚೆಂಡು ಆಚೆ ಮೂರಡಿ ಹೋಗುತ್ತದೆ, ಅಲ್ಲಿಂದ ಈಚೆಗೆ ನಾಲ್ಕಡಿ. ಹೀಗೆ ಒಂದು ಮಧ್ಯಾಹ್ನ ಅವನು ಕುಳಿಯ ಸುತ್ತ ಸುತ್ತಿದ್ದನ್ನು ನೋಡಿದವರು ಪೆಟ್ಟು ಎಣಿಸುವುದನ್ನು ನಿಲ್ಲಿಸಿ ಬೇರೆ ಕಡೆ ಮುಖ ಮಾಡಿದ್ದರು. ಅವನು ನೆಟ್ಟಗಾದ, ಉಸಿರು ಬಿಟ್ಟ, ಮತ್ತೆ ಬಗ್ಗಿದ. ಆಗ ಎತ್ತರದವನು, ಕುಳಿಯಿಂದ ತನ್ನ ಚೆಂಡು ತೆಗೆದುಕೊಳ್ಳಲು ಬಂದಾಗ ಇವನ ಚೆಂಡಿನ ದಾರಿಯನ್ನು ತುಳಿದಿದ್ದು ಈಗ ನೆನಪಾಗಿ, ಪಕ್ಕದಲ್ಲಿದ್ದ ಭಾವಮೈದುನನಿಗೆ ಮೆಲ್ಲಗೆ, "ಸಾರಿ, ನಾನು ಅಲ್ಲಿ ಕಾಲಿಟ್ಬಿಟ್ಟೆ ಅಂತ ಕಾಣತ್ತೆ" ಎಂದ. ಭಾವಮೈದುನ ಯಾವಾಗಲೂ ಎಲ್ಲರಿಗೂ ಹೇಳುವ ಹಾಗೆ, ಅದೇ ಮೆತ್ತಗಿನ ದನಿಯಲ್ಲಿ ಹೇಳಿದ: "ಆಯ್ತು ಬಿಡಿ."

ಬಲಗೈ ಕೋಲನ್ನು ಬಿಟ್ಟು ಕೆಳಗೆ ಹೋಗಿ ಚೆಂಡನ್ನು ಎತ್ತಿಕೊಂಡಿತು. ಎಷ್ಟು ಸಲೀಸಾಗಿ, ಎಷ್ಟು ಅಭ್ಯಾಸವಾದ ಹಾಗೆ! ಬೆನ್ನಿನ ಮೇಲೆ ಕೂತವನು ಇಳಿದು ಹೋದ. ಚೆಂಡು ಅಂಗೈಯಲ್ಲಿ ತಣ್ಣಗೆ, ಗುಂಡಗೆ, ತನ್ನದಾಗಿ ಇತ್ತು. ಎತ್ತರದವನು ತನ್ನ ಚೀಲದ ಕಡೆಗೆ ಹೊರಟಿದ್ದ. ಮಲಗಿಸಿದ್ದ ಬಾವುಟದ ಕೋಲನ್ನು ಎತ್ತಲು ಆಚೆ ಹೋಗಿದ್ದ ಭಾವಮೈದುನ ತಿರುಗಿ ನೋಡಿ, ಕೈಯಲ್ಲಿ ಚೆಂಡು ಕಂಡು, ಮುಖವೆಲ್ಲ ಬಾಯಾಗಿ, "ಶಭಾಷ್ ಭಾವ! ನಾನು ಹೇಳ್ಲಿಲ್ವಾ!" ಎಂದ. ಬಾವುಟವನ್ನು ಕುಳಿಯಲ್ಲಿ ನೆಟ್ಟ. ಕುಳಿಯೊಳಗಿನ ಇರುವೆ ಏನಾಯಿತೋ.

ಅಲ್ಲಿಂದ ಹದಿನೆಂಟನೆಯ ಕುಳಿಯ ಹೊಡೆತ ಶುರುಮಾಡುವ ದಿಬ್ಬಕ್ಕೆ ಒಂದು ಸಣ್ಣ ಏರುದಾರಿ, ಎರಡೂ ಬದಿಗೆ ಕತ್ತರಿಸಿದ ಬೇಲಿ. ಆ ಮಾತು ತನಗೆ ಆಡಿದ್ದಲ್ಲವೆಂದು ಅವನಿಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದು ಅವನು ದಾರಿಯ ಮೊದಲ ಭಾಗದಲ್ಲಿ ಹೇಳಿಕೊಂಡ. ಕೈ ಕೇಳಿಸಿಕೊಂಡಿತು, ಕೈ ಎತ್ತಿತು, ತಾನು ಅಲ್ಲಿರಲಿಲ್ಲ. ಬೇಲಿಯ ತಿರುವಿನ ಹತ್ತಿರ ಆ ಸುಳ್ಳು ಸವೆದುಹೋಯಿತು. ಎತ್ತರದವನ 'ಸಾರಿ'ಯನ್ನೂ ಅವನು ಕೇಳಿದ್ದ. ಆ ಉತ್ತರ ಯಾರಿಗೆ ಎಂಬುದೂ ತಿಳಿದಿತ್ತು. ಕೈ ಕೆಳಗೆ ಹೋಗುವುದಕ್ಕೆ ಮೊದಲಿನ ಒಂದು ಚೂರು ಹೊತ್ತಿನಲ್ಲಿ ಅವನು ಎಲ್ಲವನ್ನೂ ತಿಳಿದೇ ಆ ಮಾತನ್ನು ತನ್ನದೆಂದು ತೆಗೆದುಕೊಂಡಿದ್ದ, ಬೇರೆಯವರ ವಿಳಾಸಕ್ಕೆ ಬಂದ ಪೊಟ್ಟಣಕ್ಕೆ ಸಹಿ ಹಾಕಿ ತೆಗೆದುಕೊಂಡ ಹಾಗೆ. ಈಗಲೂ ಹೊತ್ತು ಮೀರಿಲ್ಲ. ಮುಂದಿನ ಹೊಡೆತ ಹೊಡೆಯುವುದಕ್ಕೆ ಮೊದಲು ಹಿಂದಕ್ಕೆ ಹೋಗಿ, ಚೆಂಡನ್ನು ಇದ್ದಲ್ಲಿ ಇಟ್ಟು, ತಪ್ಪಿಗೆ ಒಂದು ಪೆಟ್ಟಿನ ದಂಡ ಹಾಕಿಸಿಕೊಂಡು, ಕುಳಿಗೆ ಬೀಳಿಸಿದರೆ ಮುಗಿಯಿತು. ಎರಡು ಪೆಟ್ಟು ಮಿಕ್ಕಿತ್ತು. ಒಂದು ಹೋದರೂ ಒಂದು ಉಳಿಯುತ್ತದೆ, ಮುಂದಿನ ವರ್ಷ ಉಳಿಯುತ್ತದೆ, ಭಾವಮೈದುನನ ಕೆಲಸ ಉಳಿಯುತ್ತದೆ. ಇಷ್ಟೆಲ್ಲ ಲೆಕ್ಕ ತಲೆಗೆ ಚೊಕ್ಕವಾಗಿ ಬಂತು. ಆದರೆ ಹಿಂದಕ್ಕೆ ಹೋದರೆ ಅಲ್ಲಿ ಆ ಒಂದೂವರೆ ಅಡಿ ಹಾಗೇ ಬಿದ್ದಿರುತ್ತದೆ. ಕಾಲುಗಳು ಏರಿ ಹೋಗುತ್ತಲೇ ಇದ್ದವು. ನಿಲ್ಲು ಎಂದು ಅವನು ಹೇಳಿದ. ಮುಂದೆ ಭಾವಮೈದುನ ಚೀಲ ಕುಣಿಸುತ್ತ, ಅಕ್ಕನಿಗೆ ಮೊದಲು ಯಾರು ಫೋನು ಮಾಡುವುದು ಎಂದು ತನ್ನಲ್ಲೇ ಚರ್ಚೆ ಮಾಡುತ್ತ ಹೋಗುತ್ತಿದ್ದ. ಅವನ ಬೆನ್ನನ್ನು ನೋಡಿದರೆ ಅವನನ್ನು ಕರೆಯುವ ಶಕ್ತಿ ಯಾರಿಗೂ ಬರುತ್ತಿರಲಿಲ್ಲ.

ಹಿಂದಿನ ಕುಳಿಯಲ್ಲಿ ಕಡಿಮೆ ಪೆಟ್ಟು ತೆಗೆದುಕೊಂಡವನು ಮೊದಲು ಹೊಡೆಯಬೇಕು. ಎತ್ತರದವನು ಇನ್ನೂ ಕೈಗವಸು ಹಾಕಿಕೊಳ್ಳುತ್ತ ಏರು ಹತ್ತಿ ಬರುತ್ತಿದ್ದ. ಇವನು ಎತ್ತಿಕೊಂಡಿದ್ದ ಚೆಂಡನ್ನು ಜೇಬಿಗೆ ಹಾಕಿ ಹೊಸದೊಂದನ್ನು ಇಟ್ಟ, ದೂರ ನೋಡಿದ, ಬೀಸಿದ. ಬೀಸುವಾಗಲೇ ತಿಳಿಯಿತು, ಇಂಥ ಹೊಡೆತ ವರ್ಷಗಳಿಂದ ಬಂದಿರಲಿಲ್ಲ. ಚೆಂಡು ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿ, ಅಲ್ಲಿ ತಡೆದು ನಿಂತು, ಹಸಿರಿನ ನಟ್ಟನಡುವೆ ಇಳಿಯಿತು. ಅದು ಇಳಿಯುವವರೆಗೂ ಅವನು ಎಲ್ಲವನ್ನೂ ಮರೆತು ಸುಖವಾಗಿದ್ದ. ಅದು ನೆಲ ಮುಟ್ಟಿದ ಮೇಲೆ ಮಾಡಲು ಏನೂ ಉಳಿದಿರಲಿಲ್ಲ. ಎತ್ತರದವನೂ ತನ್ನ ಹೊಡೆತ ಹೊಡೆದ. ಇಬ್ಬರೂ ದಿಬ್ಬ ಇಳಿದು ಜೊತೆಯಾಗಿ ನಡೆಯುತ್ತಿದ್ದಾಗ ಅವನು ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. "ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಅಲ್ಲಿ ನಿಮ್ಮ ಚೆಂಡು ಬಿದ್ದ ಸದ್ದು ನನಗೆ ಕೇಳಿಸ್ಲಿಲ್ಲ. ನೀವು ಹಾಕಿದ್ರಿ ತಾನೇ?"

ಹಾಕಿದೆ ಎಂದರೆ ಮುಗಿಯುತ್ತಿತ್ತು. ನೋಡಿದವರು ಯಾರೂ ಇರಲಿಲ್ಲ. ಆ ಮಾತಿಗೂ ಅವನಿಗೆ ಬಾಯಿ ಬರಲಿಲ್ಲ. ಅಷ್ಟು ಪ್ರಾಮಾಣಿಕ ಎಂದಲ್ಲ. ಜೇಬಿನಿಂದ ಆ ಹಳೆಯ ಚೆಂಡನ್ನು ತೆಗೆದು ನೋಡುತ್ತ ನಿಂತ. ಚೀಲ ಹೊತ್ತವನು ಹಿಂದಿನಿಂದ ಬಂದು ಇಬ್ಬರ ಮುಖವನ್ನೂ ನೋಡಿದ. ಅವನು ಏನನ್ನೋ ಹಿಂದಕ್ಕೆ ಸುತ್ತಿ ನೆನಪಿಸಿಕೊಳ್ಳುತ್ತಿರುವುದು, ಎಲ್ಲಿ ಬಂದು ಮುಟ್ಟಿತೆಂಬುದು ಅವನ ಮುಖದ ಮೇಲೇ ಕಂಡಿತು. ಚೀಲ ಹೆಗಲಿನಿಂದ ಜಾರಿ ಕೋಲುಗಳೆಲ್ಲ ಗಲಗಲ ಎಂದವು. "ಅಯ್ಯೋ ದೇವರೇ. ನಾನು ಅಂದೆ. ನಾನು ಆಯ್ತು ಬಿಡಿ ಅಂದ್ಬಿಟ್ಟೆ. ನಿಮಗಲ್ಲ ಭಾವ, ಇವ್ರಿಗೆ! ನೀವು... ಅದಕ್ಕೇ ಎತ್ಕೊಂಡ್ರಾ?"

ಪಂದ್ಯದ ಆಫೀಸಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮೇಜಿನ ಹಿಂದೆ ಕೂತ ಅಧಿಕಾರಿ ವಯಸ್ಸಾದ ಹೆಂಗಸು, ಬಿಸಿಲಿಗೆ ಕಂದಿದ ಮುಖ, ಮಾತು ಅಳೆದು ಆಡುವವಳು. ಎಲ್ಲವನ್ನೂ ಕೇಳಿ ಅವಳು ಪೆನ್ನನ್ನು ಕೆಳಗಿಟ್ಟಳು. "ಆ ಹೊಡೆತ ಹೊಡೆಯೋಕೆ ಮೊದಲು ವಾಪಸ್ ಹೋಗಿದ್ರೆ ಒಂದು ಪೆಟ್ಟಲ್ಲಿ ಮುಗೀತಿತ್ತು. ಈಗ ನಾನೇನೂ ಮಾಡೋ ಹಾಗಿಲ್ಲ, ನಿಮ್ಮನ್ನ ಪಂದ್ಯದಿಂದ ತೆಗೆದ ಹಾಗಾಯ್ತು. ಇಷ್ಟು ವರ್ಷ ಆಡಿದೀರಿ, ನಿಮಗೆ ಗೊತ್ತಾಗ್ಲಿಲ್ವಾ?" ಪ್ರಶ್ನೆ ಇವನಿಗಿತ್ತು. ಇವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಪಕ್ಕದವನು ಮುಂದೆ ಬಂದು, "ಇವ್ರಿಗೆ ಗೊತ್ತಾಗಿಲ್ಲ ಮೇಡಂ. ನಾವು ದಿನಾ ಹಾಗೇ ಆಡೋದು. ನಾನು ಅಂದ ಮೇಲೆ ಇವ್ರು ಎತ್ಕೊಳ್ಳೋದು. ನನ್ನ ಮಾತು ನಂಬಿ ಕೆಟ್ರು. ದಂಡ ಏನಿದ್ರೂ ನನಗೆ ಹಾಕಿ, ಇನ್ನು ಮೇಲೆ ನನ್ನನ್ನ ಒಳಗೆ ಬಿಡಬೇಡಿ" ಎಂದ. ಅವಳು ಇಬ್ಬರನ್ನೂ ನೋಡಿದಳು. ಅವಳ ಕಣ್ಣು ತನ್ನ ಮೇಲೆ ಒಂದಿಷ್ಟು ಹೆಚ್ಚು ಹೊತ್ತು ನಿಂತಿತು ಎಂದು ಅವನಿಗೆ ಅನ್ನಿಸಿತು. ನನಗೆ ಗೊತ್ತಿತ್ತು. ಎರಡೇ ಶಬ್ದ. ಅವನು ನಾಲಗೆಯ ಮೇಲೆ ಅವನ್ನು ಇಟ್ಟುಕೊಂಡು, ಅಳೆದು, ಇಳಿಜಾರು ನೋಡಿ, ಬಗ್ಗಿ ನಿಂತ. ಹೊರಗೆ ಯಾರಿಗೋ ಜನ ಚಪ್ಪಾಳೆ ತಟ್ಟುತ್ತಿದ್ದರು. ಅಧಿಕಾರಿ ಪೆನ್ನನ್ನು ಮತ್ತೆ ಎತ್ತಿಕೊಂಡು, "ಬೇಜಾರಾಗತ್ತೆ" ಎಂದಳು. ಅವರು ಹೊರಗೆ ಬಂದರು.

ಹಿಂತಿರುಗುವ ದಾರಿಯಲ್ಲಿ ಭಾವಮೈದುನ ಮಾತಾಡಲಿಲ್ಲ. ಅವನು ಮಾತಾಡದ ಕಾರು ಬೇರೆ ಯಾರದೋ ಅನ್ನಿಸುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಒಂದು ಸಲ ಅವನು, "ನನ್ನ ನಾಲಗೆ ಕತ್ತರಿಸಬೇಕು" ಎಂದ, ಇವನಿಗಲ್ಲ, ಸ್ಟೀರಿಂಗಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡದ ಮಾತು ಎಲ್ಲಿಗೆ ಹೋಗುತ್ತದೆಂದು ಯಾವ ಗಾದೆಯೂ ಹೇಳುವುದಿಲ್ಲ. ಈಗ ಹೇಳುತ್ತೇನೆ ಎಂದು ಅವನು ಮುಂದಿನ ದೀಪದ ಕಂಬ ಗೊತ್ತುಮಾಡಿಕೊಂಡ. ಕಂಬ ಬಂತು, ಹಿಂದೆ ಹೋಯಿತು. ಆ ಪೆಟ್ರೋಲ್ ಬಂಕಿನ ಹತ್ತಿರ. ಅದೂ ಹೋಯಿತು. ಸಂಜೆ ಮನೆಗೆ ಹೋಗುವ ಜನ ಬಸ್ಸುಗಳಲ್ಲಿ ನೇತಾಡುತ್ತಿದ್ದರು. ಸೈಕಲ್ಲಿನ ಮೇಲಿದ್ದಾಗ ತಿರುಗಿ ನೋಡಬಾರದಿತ್ತು ಎಂದು ಅವನಿಗೆ ಇದ್ದಕ್ಕಿದ್ದ ಹಾಗೆ ಅನ್ನಿಸಿತು. ಅಪ್ಪ ಸುಳ್ಳು ಹೇಳಿದ್ದರು, ಆದರೆ ಆ ಸುಳ್ಳಿನ ಮೇಲೆ ಅವನು ಅರ್ಧ ಬೀದಿ ಓಡಿಸಿದ್ದ.

ಸುದ್ದಿ ಹೆಂಡತಿಗೆ ಆಗಲೇ ತಲುಪಿತ್ತು. ತಮ್ಮನೇ ಫೋನು ಮಾಡಿ ಹೇಳಿದ್ದ, ಎಲ್ಲ ತನ್ನ ಮೇಲೆ ಹಾಕಿಕೊಂಡು. ಬಾಗಿಲು ತೆರೆದವಳ ಕಣ್ಣು ಕೆಂಪಾಗಿತ್ತು. ಗಂಡನ ಕೈಯಿಂದ ಟೋಪಿ ತೆಗೆದುಕೊಂಡು ಮೊಳೆಗೆ ಹಾಕಿ, ಅವನ ಮುಖ ನೋಡಿ, ಆಮೇಲೆ ತಮ್ಮನ ಕಡೆ ತಿರುಗಿದಳು. "ಬೆಳಿಗ್ಗೆ ಹೇಳಿದ್ನಲ್ಲೋ, ಬಾಯಿ ಮುಚ್ಕೊಂಡಿರು ಅಂತ. ಒಂದೇ ಒಂದು ದಿನ. ನಿನ್ನ ಬಾಯಿಗೊಂದು ಬೀಗ ಹಾಕ್ಕೊಳ್ಳೋಕೆ ಆಗ್ಲಿಲ್ವಾ? ನಾಲ್ಕು ವರ್ಷ ಈ ಮನುಷ್ಯ ಏನೇನು ಪಾಡು ಪಟ್ಟಿದಾರೆ ಅಂತ ನಿನಗೆ ಗೊತ್ತಿಲ್ವಾ? ಎಲ್ಲಾ ಸರಿಹೋಗಿತ್ತು. ಇವತ್ತು ಅವ್ರ ಕೈ ಸರಿಯಾಗಿತ್ತು ಕಣೋ, ಬೆಳಿಗ್ಗೆ ನಾನೇ ನೋಡ್ದೆ." ತಮ್ಮ ಬಾಗಿಲ ಬಳಿಯೇ ನಿಂತಿದ್ದ. ಬೂಟು ಬಿಚ್ಚಿರಲಿಲ್ಲ. ಚೀಲವನ್ನು ಗೋಡೆಗೆ ಒರಗಿಸಿ, ಅದು ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ. "ನೀನು ಏನಂದ್ರೂ ಸರಿ ಅಕ್ಕ. ನಾಳೆ ಬೂಟಿನ ಅಂಗಡಿಯವ್ರನ್ನ ಕೇಳ್ತೀನಿ. ಇನ್ನು ನಾನು ಭಾವನ ಹತ್ರ ಬರಲ್ಲ. ನನ್ನ ಕಾಲ್ಗುಣವೇ ಸರಿ ಇಲ್ಲ" ಎಂದ. ಮೂವತ್ತು ದಾಟಿದ ಗಂಡಸಿನ ಗದ್ದ ಮಗುವಿನ ಗದ್ದದ ಹಾಗೆ ನಡುಗುತ್ತಿತ್ತು.

ಅವನು ಕುರ್ಚಿಯಲ್ಲಿ ಕೂತಿದ್ದ. ಇದು ಕೊನೆಯದು, ಇನ್ನು ಮುಂದೆ ಈ ಕುಳಿ ಸಿಗುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಅವನ ತಪ್ಪಲ್ಲ, ನನಗೆ ಗೊತ್ತಿತ್ತು. ಹೇಳಿದರೆ ಹೆಂಡತಿ ಒಂದು ಗಳಿಗೆ ಸುಮ್ಮನಿರುತ್ತಾಳೆ. ಆಮೇಲೆ ಅವಳ ಮುಖದಲ್ಲಿ ಏನು ಬರುತ್ತದೋ ಅದನ್ನು ನೋಡಬೇಕಾಗುತ್ತದೆ. ಬೀಳುತ್ತದೋ ಆಚೆ ಹೋಗುತ್ತದೋ, ಎರಡಲ್ಲೊಂದು. ಆದರೆ ಈ ಹುಡುಗ ಹಗುರವಾಗಿ ಮೆಟ್ಟಿಲಿಳಿದು ಹೋಗುತ್ತಾನೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಬಣ್ಣ ಎಲ್ಲಿ ಉಳಿದಿದೆ ಕೆಡುವುದಕ್ಕೆ? ಹೆಂಡತಿ ಅವನ ಕಡೆ ತಿರುಗಿ, "ನೀವಾದ್ರೂ ಏನಾದ್ರೂ ಹೇಳ್ರೀ ಅವನಿಗೆ" ಎಂದಳು. ಇಬ್ಬರೂ ಉಸಿರು ಹಿಡಿದು ಅವನನ್ನೇ ನೋಡುತ್ತಿದ್ದರು. ಅವನು ಎದ್ದು ಭಾವಮೈದುನನ ಮುಂದೆ ಹೋಗಿ ನಿಂತ. ಮಾತು ಗಂಟಲಿನವರೆಗೆ ಬಂತು, ನೆಟ್ಟಗೇ ಬಂತು. ಅಲ್ಲಿ, ಅಂಚಿನಲ್ಲಿ, ಒಳಗೆ ಯಾವುದೋ ಒಮ್ಮೆ ಜಿಗಿಯಿತು.

"ಆಯ್ತು ಬಿಡು" ಎಂದ ಅವನು.

ದನಿ ಮೆತ್ತಗಿತ್ತು. ಭಾವಮೈದುನ ಚೀಲವನ್ನು ಬಿಟ್ಟು ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಅಳತೊಡಗಿದ. "ನಿಮ್ಮದು ದೊಡ್ಡ ಮನಸ್ಸು ಭಾವ. ಬೇರೆಯವ್ರಾಗಿದ್ರೆ ನನ್ನ ಮುಖ ನೋಡ್ತಿರ್ಲಿಲ್ಲ." ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗಂಡನನ್ನು ನೋಡಿದಳು. ಹಾಗೆ ಅವಳು ಅವನನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು, ಗೆದ್ದು ಮನೆಗೆ ಬರುತ್ತಿದ್ದ ದಿನಗಳಲ್ಲಿ ನೋಡುತ್ತಿದ್ದ ಹಾಗೆ. ಅವನು ತಲೆ ತಗ್ಗಿಸಿ, ಅಳುತ್ತಿರುವವನ ಅಂಗೈಗಳ ನಡುವೆ ಸಿಕ್ಕಿಕೊಂಡ ತನ್ನ ಬಲಗೈಯನ್ನು ನೋಡಿದ. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ.